ಕ್ಯೂ ಬಿಟ್ಟುಕೊಡುವ ಭಾವ

ಮುಕ್ಕಾಲು ಗಂಟೆ ಕ್ಯೂ ನಿಂತು, ಇನ್ನೇನು ಬಾಗಿಲು ಬಂತು ಎನ್ನುವಾಗ ಹಿಂದಿನವರಿಗೆ ಜಾಗ ಬಿಟ್ಟು, ಮತ್ತೆ ಬಾಲಕ್ಕೆ ಹೋಗಿ ನಿಲ್ಲುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನನ್ನ ಅಕ್ಕನ ಗಂಡ!

ತೊಂಬತ್ತರ ದಶಕದ ಮಾತು. ಎರಡು ವರ್ಷ ಮುಚ್ಚಿದ್ದ ತೈವಾನಿನವರ ಹಬೆ ಬನ್ನಿನ ಅಂಗಡಿ ಲಾಸ್ ಏಂಜಲೀಸಿನಲ್ಲಿ ಮತ್ತೆ ತೆರೆದಿತ್ತು. ಜನವೋ ಜನ! ಭಾವ ಮಾತ್ರ ಹೊರಟದ್ದು ಬನ್ನಿಗಲ್ಲ, ಇಡ್ಲಿ ಪಾತ್ರೆಗೆ.

ಗಲಿಬಿಲಿಯಾಗಬೇಡಿ, ನನಗಾದದ್ದೇ ಸಾಕು. ನಮ್ಮಕ್ಕ ಉಡುಪಿಯವಳು, ಅಮೆರಿಕಕ್ಕೆ ಬಂದ ಮೇಲೆ ಮಡಿ ಅರ್ಧಕ್ಕಿಳಿದಿತ್ತು. ಆ ಅಂಗಡಿಯ ಸಿಹಿ ಹೂರಣದ ಬನ್ ಅಂದರೆ ಪ್ರಾಣ, ಆದರೆ ಮಾಂಸದ ಬನ್ ಬೆಂದ ಬುಟ್ಟಿಯಲ್ಲಿ ಬೆಂದದ್ದು ಗಂಟಲಲ್ಲಿ ಇಳಿಯದು. ಒಂದು ದಿನ ತನ್ನ ಇಡ್ಲಿ ಪಾತ್ರೆಯನ್ನೇ ಒಯ್ದು, "ನನ್ನದು ಇದರಲ್ಲಿ" ಎಂದು ಅಂಗಡಿಯಾಕೆಯ ಕೈಗಿತ್ತಳು! ಇವಳ ಭಾಷೆ ಅವಳಿಗೆ ಬಾರದು, ಅವಳದು ಇವಳಿಗೆ. ಒಪ್ಪಂದ ಮಾತ್ರ ನಾನು ಕುದುರಿಸಿದ ಯಾವ ವ್ಯಾಪಾರಕ್ಕಿಂತಲೂ ಗಟ್ಟಿ. ಅಂಗಡಿ ಮುಚ್ಚಿದಾಗ ಪಾತ್ರೆ ಒಳಗೇ ಉಳಿಯಿತು. ಮರುವರ್ಷ ಅಕ್ಕ ತೀರಿಕೊಂಡಳು.

"ಆರ್ಟೀಸಿಯಾದ ನಮ್ಮವರ ಅಂಗಡಿಗಳಲ್ಲಿ ಹೊಸದೇ ಸಿಗುತ್ತದಲ್ಲ ಭಾವ? ಚೌಕಾಸಿಗೆ ನಾನಿದ್ದೇನೆ!"

"ನೀನು ಸುಮ್ಮನೆ ಕಾರು ಓಡಿಸು ಮಾರಾಯ."

ಸ್ಯಾನ್ ಡಿಯಾಗೊದಿಂದ ಎರಡು ಗಂಟೆ ಓಡಿಸಿದೆ. ಮೊದಲ ಸಲ ಬಾಗಿಲಲ್ಲಿ, "ಪಾಪ, ಈ ಅಜ್ಜಿಗೆ ಕಾಲುನೋವು" ಎಂದು ಜಾಗ ಬಿಟ್ಟರು. ಎರಡನೆಯ ಸಲ ಅಳುವ ಕೂಸಿನ ತಾಯಿಗೆ. ಮೂರನೆಯ ಸಲ ಒಬ್ಬ ಪೈಲ್ವಾನನಿಗೆ!

"ಇವನಿಗೇನು ನೋವು ಭಾವ?"

"ಹಸಿವು ಮಾರಾಯ, ಮುಖ ನೋಡು!"

ಓದುಗರೇ, ಒಂದು ಬುದ್ಧಿಮಾತು: ಮುಂದಿನ ಜಾಗವನ್ನು ಪುಕ್ಕಟೆ ಬಿಡಬೇಡಿ. ಕೊನೆಗೆ ಒಂದು ಬನ್ನನ್ನಾದರೂ ಕೇಳಿ!

ನಾಲ್ಕನೆಯ ಸಲ ರಟ್ಟೆ ಹಿಡಿದೆ. "ಪಾತ್ರೆ ಇಲ್ಲ ಅಂದಾಳು ಅಂತ ಹೆದರಿಕೆಯಾ?"

"ಇದೆ ಅಂದಾಳು ಅಂತ. ಕೊಡುವಾಗ 'ಅವಳೆಲ್ಲಿ' ಅಂತ ಕೇಳುತ್ತಾಳಲ್ಲ, ಎಂಥ ಹೇಳುವುದು?"

ಕೈ ಬಿಡದೆ ಒಳಗೆ ಕರೆದೊಯ್ದೆ.

ಅಂಗಡಿಯಾಕೆ ಭಾವನನ್ನು ನೋಡಿದಳು. ಅವರ ಬೆನ್ನ ಹಿಂದೆ ನೋಡಿದಳು. ನನ್ನನ್ನು ನೋಡಿದಳು. ಏನೂ ಕೇಳಲಿಲ್ಲ. ಒಲೆಯ ಮೇಲೆ, ಬಿದಿರು ಬುಟ್ಟಿಗಳ ನಡುವೆ, ನಮ್ಮ ಇಡ್ಲಿ ಪಾತ್ರೆ ಹಬೆಯಾಡುತ್ತಿತ್ತು! ಮುಚ್ಚಳ ತೆಗೆದು, ಎಂದಿನಂತೆ ಎರಡು ಬೆರಳೆತ್ತಿದಳು. ಭಾವ ತಲೆಯಾಡಿಸಿದರು.

ಪಾತ್ರೆ ತರಲು ಹೋದವರು ಅದನ್ನು ಕೇಳಲೇ ಇಲ್ಲ. ಕಾರಿನಲ್ಲಿ ಎರಡನೆಯ ಬನ್ನನ್ನು ನನ್ನ ಕೈಗಿಟ್ಟರು.

"ಬಿಸಿ ಇದೆ, ಊದಿ ತಿನ್ನು. ಅವಳು ಹಾಗೇ ತಿನ್ನುವುದು."