ಗಡ್ಡದ ಮುತ್ಯಾನ ಪುರಾಣ

ನಮ್ಮ ಸೋದರಮಾವ ಇಪ್ಪತ್ತು ವರ್ಷ ರಶಿಯಾದಲ್ಲಿ ಸಂಸಾರ ಮಾಡಿದವರು. ಬೀದರಿನ ತಹಸೀಲ ಕಚೇರಿಯ ಪೇಶಕಾರಿಕೆ, ಓಣಿಯ ಪಂಚಾಯ್ತಿ, ಸೋಮವಾರದ ಉಪವಾಸ ಎಲ್ಲವನ್ನೂ ಅಲ್ಲಿಂದಲೇ ಸಾಗಿಸುತ್ತಿದ್ದರು! ಹಡಗು, ಪರವಾನಗಿ ಯಾವುದೂ ಬೇಕಾಗಲಿಲ್ಲ. ಊಟವಾದ ಮೇಲೆ ಗೋಡೆಗೆ ಒರಗಿ ಪುಸ್ತಕ ತೆರೆದರೆ ಮುಗಿಯಿತು, ಮನುಷ್ಯ ಹೋಗಿಯೇ ಬಿಟ್ಟರು.

ಊರು ಬಿಟ್ಟು ಹೊರಟಿದ್ದ ಇಂಗ್ಲಿಷ್ ಇಂಜಿನಿಯರ್ ಸಾಹೇಬನೊಬ್ಬನ ಸಾಮಾನು ಹರಾಜಿಗೆ ಬಂದಿತ್ತು. ಮಾವ ಆರಾಮ ಕುರ್ಚಿ ತರುತ್ತೇನೆಂದು ಹೋದರು. ಬರುವಾಗ ಹಮಾಲನ ತಲೆಯ ಮೇಲೆ ಒಂದು ಮರದ ಪೆಟ್ಟಿಗೆ. ಅದರಲ್ಲಿ ಒಬ್ಬನೇ ರಶಿಯನ್ ಲೇಖಕನ ಐದು ಕಾದಂಬರಿ, ಇಂಗ್ಲಿಷಿನಲ್ಲಿ. ಲೇಖಕನ ಹೆಸರು ಹೇಳೋಣವೆಂದರೆ ನನ್ನ ನಾಲಿಗೆ ಇಂದಿಗೂ ಅರ್ಧ ದಾರಿಯಲ್ಲಿ ಕೂತುಬಿಡುತ್ತದೆ. ಮೊದಲ ಪುಟದ ಚಿತ್ರದಲ್ಲಿ ಎದೆಮಟ್ಟ ಗಡ್ಡ ಇದ್ದುದರಿಂದ ನಮ್ಮ ಮನೆಯಲ್ಲಿ ಆ ಅಜ್ಜ ಗಡ್ಡದ ಮುತ್ಯಾ ಆದ.

"ಕುರ್ಚಿ ಎಲ್ಲಿ ಅದರಿ?" ಅತ್ತೆ ಕೇಳಿದರು.

"ಇದರ ಮ್ಯಾಲೇ ಕೂಡ್ತೇನಿ ಬಿಡು," ಎಂದು ಮಾವ ಪೆಟ್ಟಿಗೆಯ ಮೇಲೆ ಕೂತೇ ಬಿಟ್ಟರು.

ಒಮ್ಮೆ ಓದುವವರನ್ನು ನಾವೆಲ್ಲ ನೋಡಿದ್ದೇವೆ. ಮಾವ ಐದನ್ನೂ ಮುಗಿಸಿ, ಮರುದಿನವೇ ಮೊದಲನೆಯದನ್ನು ಮತ್ತೆ ಕೈಗೆತ್ತಿಕೊಂಡರು. ಆ ಸುತ್ತು ಮುಗಿದ ಮೇಲೆ ಇನ್ನೊಂದು ಸುತ್ತು. ಅವರ ಮನೆಯಲ್ಲೇ ಬೆಳೆಯುತ್ತಿದ್ದ ನಾನು ತಡೆಯಲಾರದೆ ಕೇಳಿದೆ, "ಮಾಮಾ, ಕತಿ ಗೊತ್ತೇ ಅದಲ್ಲರಿ, ಮತ್ಯಾಕ ಓದ್ತೀರಿ?"

"ನಿಮ್ಮತ್ತಿ ದಿನಾ ಜ್ವಾಳದ ರೊಟ್ಟಿ ಬಡೀತಾಳ. ನಿನ್ನಿ ತಿಂದೀನಂತ ಇವತ್ತ ಬಿಡ್ಲೇನು?"

ನಾನೂ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಓದಿದ್ದನ್ನು ಮನೆಯಲ್ಲೇ ಬಿಟ್ಟು ಹೋಗುವ ಅಭ್ಯಾಸ ಅವರಿಗಿರಲಿಲ್ಲ. ಒಮ್ಮೆ ಕಚೇರಿಯ ಕೆಲಸಕ್ಕೆ ಔರಾದಿಗೆ ಹೋದಾಗ ಅಣ್ಣತಮ್ಮಂದಿರಿಬ್ಬರು ಬಾವಿಯ ನೀರಿಗಾಗಿ ಕೊರಳಪಟ್ಟಿ ಹಿಡಿದು ನಿಂತಿದ್ದರಂತೆ. ಮಾವ ಕಾಯಿದೆ ಹೇಳಲಿಲ್ಲ. ಗಡ್ಡದ ಮುತ್ಯಾನ ಒಂದು ಕಾದಂಬರಿಯ ಅಣ್ಣತಮ್ಮಂದಿರು ಹೀಗೆಯೇ ಜಗಳಾಡಿ ಕೊನೆಗೆ ಒಬ್ಬರನ್ನೊಬ್ಬರು ತಬ್ಬಿಕೊಂಡ ಕತೆ ಹೇಳಿದರು. ಜಗಳಗಂಟರಿಬ್ಬರೂ ತಲೆಯ ಪಟಕ ತೆಗೆದು ಕೇಳಿದರು. ಆಮೇಲೆ ದೊಡ್ಡವನು ಮೆಲ್ಲಗೆ ವಿಚಾರಿಸಿದ, "ಆ ಮಂದಿ ಭಾಲ್ಕಿ ಕಡೀದವರೇನ್ರಿ? ನಮ್ಮ ಬೀಗರೇ ಇದ್ದಂಗ ಕಾಣ್ತದ." ಬಾವಿಯ ಜಗಳ ಮುಗಿಯಿತು, ಬೀಗರ ವಿಳಾಸ ಕೇಳುವುದು ಮಾತ್ರ ವರ್ಷಗಟ್ಟಲೆ ಮುಗಿಯಲಿಲ್ಲ!

ಇಷ್ಟರಲ್ಲಿ ಒಂದು ಶ್ರಾವಣ ಬಂತು. ನಮ್ಮ ಓಣಿಯಲ್ಲಿ ಪ್ರತಿ ಶ್ರಾವಣ ಪುರಾಣ ಓದುತ್ತಿದ್ದ ಶಾಸ್ತ್ರಿಗಳು ಮೆಹಕರದಲ್ಲಿದ್ದ ಮಗಳ ಮನೆಗೆ ಹೋಗಿ ಕೂತರು. ಓಣಿಯವರು ಯೋಚಿಸಿದರು: ಪೇಶಕಾರರು ಹೇಗೂ ದಿನಾ ದಪ್ಪ ಪುಸ್ತಕ ಓದುತ್ತಾರೆ, ಓದುತ್ತ ಕಣ್ಣೀರೂ ಹಾಕುತ್ತಾರೆ, ಪುರಾಣವಲ್ಲದೆ ಮತ್ತೇನಿರುತ್ತದೆ? ಬಂದು ಕೇಳಿಯೇ ಬಿಟ್ಟರು. ಮಾವ ಒಂದು ಮಾತೂ ತಕರಾರು ಮಾಡದೆ ಒಪ್ಪಿದರು. ಐದರಲ್ಲಿ ಎಲ್ಲಕ್ಕಿಂತ ದಪ್ಪಗಿದ್ದುದನ್ನು ಮಣೆಯ ಮೇಲಿಟ್ಟು, ವಿಭೂತಿ ಧರಿಸಿ, ಕಚೇರಿ ಬಿಟ್ಟ ಮೇಲಿನ ಇಳಿಹೊತ್ತಿನಲ್ಲಿ ಓದತೊಡಗಿದರು. ಕಣ್ಣು ಇಂಗ್ಲಿಷಿನ ಮೇಲೆ, ಬಾಯಿ ಬೀದರಿನ ಕನ್ನಡದಲ್ಲಿ. ಅಲ್ಲಿಯ ಜಮೀನುದಾರ ನಮ್ಮ ದೇಶಮುಖನಾದ, ಅವನ ಸೊಸೆ ಸಣ್ಣಬಾಯಿಯಾದಳು.

ಹಿಮ ಮಾತ್ರ ಬಹಳ ಕಾಡಿತು.

"ಔರಾದದ ಹತ್ತಿ ಜಿನ್ನಿನ ಮುಂದ ಅರಳಿ ಹಾರತದಲ್ಲ, ಹಂಗ ಮ್ಯಾಲಿಂದ ಬೀಳ್ತದ," ಎಂದರು ಮಾವ.

"ಅಷ್ಟು ಅರಳಿ ಪುಕ್ಕಟ ಬಿದ್ದರೂ ಆ ಮಂದಿ ಥಂಡ್ಯಾಗ ಯಾಕ ನಡಗ್ತಾರ್ರಿ?" ಎಂದು ಗಾದಿ ಹೊಲಿಯುವ ಮುದುಕಿ ಕೇಳಿದಳು. "ಒಂದೊಂದು ರಜಾಯಿ ಹೊಲ್ಕೋಬಾರದೇನು?"

ಅರ್ಧ ತಿಂಗಳಾಗುವ ಹೊತ್ತಿಗೆ ಸಣ್ಣಬಾಯಿ ಗಂಡು ಹೆತ್ತಳು. ಪುರಾಣದಲ್ಲಿ ಮಹಾಪುರುಷ ಹುಟ್ಟಿದ ದಿನ ತೊಟ್ಟಿಲು ಕಟ್ಟಿ ತೂಗುವುದು ನಮ್ಮ ಕಡೆಯ ರೂಢಿ. ಓಣಿಯ ಹೆಂಗಸರು ಬಿಡುತ್ತಾರೆಯೇ? ಮರುದಿನ ಬಾಣಂತಿಗೆಂದು ಅಂಟಿನುಂಡಿ, ಕೂಸಿನ ತಲೆಗೆಂದು ಕುಂಚಿಗೆ ಹಿಡಿದು ಬಂದರು. ತೊಟ್ಟಿಲು ಎಲ್ಲಿಂದ ತರುವುದೆಂಬ ಮಾತು ಬಂದಾಗ ಅತ್ತೆ ಎದ್ದು, ಅಟ್ಟದ ಮೇಲಿದ್ದುದನ್ನು ತಾವೇ ಇಳಿಸಿದರು. ಅತ್ತೆಗೆ ಹುಟ್ಟಿದ ಒಂದೇ ಒಂದು ಗಂಡುಕೂಸು ವರ್ಷ ತುಂಬುವ ಮೊದಲೇ ಜ್ವರದಲ್ಲಿ ಹೋಗಿತ್ತು. ಆ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅತ್ತೆ ಬರಿಯ ತೊಟ್ಟಿಲಲ್ಲಿ ಕುಂಚಿಗೆ ಇಟ್ಟು, ರಶಿಯಾದ ಆ ಕೂಸಿಗೆ ಬಸವಣ್ಣ ಎಂದು ಹೆಸರಿಟ್ಟು ತೂಗಿದರು. ಎಷ್ಟೋ ವರ್ಷಗಳ ಮೇಲೆ ನಕ್ಕರು.

ಮಾವ ಮಾತ್ರ ಪುಸ್ತಕ ಮುಚ್ಚಿ ಕೂತುಬಿಟ್ಟರು. ಯಾಕೆಂದು ನನಗೆ ತಿಳಿದದ್ದು ಬಹಳ ತಡವಾಗಿ, ನಿಮಗೆ ಈಗಲೇ ಹೇಳಿಬಿಡುತ್ತೇನೆ. ಮುಂದಿನ ಎಂಟು ಪುಟಗಳಲ್ಲಿ ಗಡ್ಡದ ಮುತ್ಯಾ ಆ ಕೂಸಿಗೆ ಜ್ವರ ಬರಿಸಿ ಕೊಂದುಬಿಟ್ಟಿದ್ದ.

ಮರುದಿನ ಮಾವ ಆ ಎಂಟೂ ಪುಟಗಳನ್ನು ಒಟ್ಟಿಗೆ ಮಗುಚಿ, ಸಣ್ಣಬಾಯಿ ಕಿಟಕಿಯಲ್ಲಿ ಒಬ್ಬಳೇ ನಿಂತಲ್ಲಿಂದ ಓದತೊಡಗಿದರು.

"ಕೂಸು ಎಲ್ಲಿ ಅದರಿ?" ಹೆಂಗಸರು ಬಿಡಲಿಲ್ಲ.

"ಸ್ವಾದರಮಾವನ ಮನಿಗಿ ಹೋಗ್ಯಾದ."

ಮುಂದಿನ ಶ್ರಾವಣಕ್ಕೆ ಶಾಸ್ತ್ರಿಗಳು ಬಂದರೂ ಓಣಿ ಅವರನ್ನು ಕರೆಯಲಿಲ್ಲ, ಗಡ್ಡದ ಮುತ್ಯಾನೇ ಬೇಕೆಂದಿತು. ಆಮೇಲೆ ವರ್ಷ ವರ್ಷವೂ ಅದೇ ಕಾದಂಬರಿ. ಕೂಸಿನ ಸುದ್ದಿ ಕೇಳಿದವರಿಗೆಲ್ಲ ಮಾವ ಏನಾದರೊಂದು ಸೇರಿಸಿ ಹೇಳಬೇಕಾಯಿತು. ಒಂದು ಶ್ರಾವಣ ಬಸವಣ್ಣನಿಗೆ ಹಲ್ಲು ಬಂತು, ಇನ್ನೊಂದಕ್ಕೆ ನಡೆದ, ಮತ್ತೊಂದಕ್ಕೆ ಸಾಲಿಗೆ ಸೇರಿದ. ತಾಯಿ ಸಣ್ಣಬಾಯಿಗೆ ಪ್ರತಿ ವರ್ಷವೂ ಇಪ್ಪತ್ತೆರಡೇ ವಯಸ್ಸು, ಮಗ ಹನ್ನೊಂದಕ್ಕೆ ಬಂದ! ಪುಸ್ತಕ ಬರೆದವನಿಗೇ ತಿಳಿಯದ ಒಬ್ಬ ಹುಡುಗನನ್ನು ನಮ್ಮ ಮಾವ ಬೀದರಿನಲ್ಲಿ ಕೂತು ಬೆಳೆಸಿದರು. ದೊಡ್ಡ ಓದುಗರನ್ನು ನಾನು ಆಮೇಲೆ ಎಷ್ಟೋ ಜನ ನೋಡಿದ್ದೇನೆ, ಇಂಥವರನ್ನು ಕಾಣಲಿಲ್ಲ.

ಹನ್ನೆರಡನೆಯ ಶ್ರಾವಣಕ್ಕೆ ಮಾವನ ಎರಡೂ ಕಣ್ಣುಗಳಿಗೆ ಪೊರೆ ಬಂದಿತ್ತು. ನಾನು ಆಗ ಭಾಲ್ಕಿಯಲ್ಲಿ ಮಾಸ್ತರ. ರಜೆ ಹಾಕಿ ಬಂದು ಓದುವ ಕೆಲಸ ವಹಿಸಿಕೊಂಡೆ. ಕೂಸು ಹುಟ್ಟಿದ ಮರುದಿನ, ಓಣಿಯವರು ಇನ್ನೂ ಬಂದಿರಲಿಲ್ಲ, ಅಂದಿನ ಭಾಗ ನೋಡಿಕೊಳ್ಳೋಣವೆಂದು ಪುಸ್ತಕ ತೆರೆದೆ. ನಾಲ್ಕು ಹಾಳೆಗಳನ್ನು ಕೌದಿಯ ದಾರದಿಂದ ಸೇರಿಸಿ ಹೊಲಿದಿತ್ತು. ಕಣ್ಣು ಮಂಜಾಗತೊಡಗಿದ ಮೇಲೆ ತಪ್ಪಿ ಓದಿಬಿಟ್ಟೇನೆಂದು ಮಾವ ಮಾಡಿಕೊಂಡ ಏರ್ಪಾಡು ಅದು.

"ಅಲ್ಲಿ ದಾರ ಅದ," ಮಾವ ಮೆಲ್ಲಗೆ ಹೇಳಿದರು. "ದಾಟಿ ಹೋಗು."

ಅತ್ತೆ ಒಳಗಿನಿಂದ ಕತ್ತರಿ ತಂದರು. ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಹೊಲಿಗೆ ಕತ್ತರಿಸಿ, ತಿರುಗಿ ನನ್ನ ಮುಂದಿಟ್ಟರು.

"ಓದಪ್ಪ. ಆ ಕೂಸು ಉಳಿದಿಲ್ಲಂತ ನನಗ ಮೊದಲ್ನೇ ವರ್ಷೇ ಗೊತ್ತಾಗ್ಯಾದ. ಮನ್ಯಾಗ ಕೂಸು ಇದ್ದರ ಅವರವ್ವ ಹಂಗ ಕಿಡಕ್ಯಾಗ ನಿಂತಿರ್ತಾಳೇನು? ನಾ ಅಳ್ತೇನಂತ ಇವರು ಇಷ್ಟು ವರ್ಷ ದಾಟಿಸ್ಯಾರ. ನಮ್ಮ ಕೂಸು ಹೋದಾಗ ಇವರು ಒಂದು ಹನಿ ಅತ್ತಿಲ್ಲ. ಇವರ ಸಲುವಾಗಿ ಓದು."

ನಾನು ಓದಿದೆ. ತಡವರಿಸುತ್ತ, ಸಿಕ್ಕ ಕನ್ನಡದಲ್ಲಿ, ಎಂಟೂ ಪುಟ ಓದಿದೆ. ಮೂರನೆಯ ಪುಟಕ್ಕೆ ಮಾವ "ಸಾಕು" ಎಂದರು, ಅತ್ತೆ "ಓದು" ಎಂದರು. ಮುಗಿದಾಗ ಮಾವ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ದನಿ ತೆಗೆದು ಅಳುತ್ತಿದ್ದರು. ನಾನು ಎದುರಿಗಿದ್ದೇನೆಂಬ ಸಂಕೋಚವನ್ನೂ ಬಿಟ್ಟು ಅತ್ತೆ ಅವರ ಪಕ್ಕ ಕೂತರು. ಅವರ ಕೈ ಹಿಡಿದುಕೊಂಡು ತಮ್ಮ ಮಗನ ಹೆಸರು ಹೇಳಿದರು. ಮಾವನೂ ಆ ಹೆಸರು ಹೇಳಿದರು. ಆ ಮನೆಯಲ್ಲಿ ನಾನು ಅದನ್ನು ಕೇಳಿದ್ದು ಅದೇ ಮೊದಲು.