ವರನ ಹೆಸರಿಲ್ಲದ ರ‍್ಯಾಪ್ ಹಾಡು

ಊರಿನಲ್ಲಿ ಯಾವ ಕೆಲಸವನ್ನೇ ಆಗಲಿ ಮೊದಲು ಮಾಡುವವನಿಗೆ ಒಂದು ದೊಡ್ಡ ಅನುಕೂಲವಿರುತ್ತದೆ. ಅವನು ಮಾಡುತ್ತಿರುವುದು ತಪ್ಪು ಎಂದು ಹೇಳುವಷ್ಟು ತಿಳಿದವರು ಆ ಊರಿನಲ್ಲಿ ಇನ್ನೂ ಇರುವುದಿಲ್ಲ. ನಮ್ಮ ಮುಳಬಾಗಿಲಿನಲ್ಲಿ ಮೊದಲು ಗೋಬಿ ಮಂಚೂರಿ ಮಾಡಿದವನು ಅದಕ್ಕೆ ಹುಣಸೆಹಣ್ಣಿನ ರಸ ಹಾಕಿದ್ದ. ಕೋಲಾರಕ್ಕೆ ಹೋಗಿ ಬೇರೆ ಗಾಡಿಯಲ್ಲಿ ತಿಂದು ಬರುವವರೆಗೂ ನಾವೆಲ್ಲ ಗೋಬಿ ಎಂದರೆ ಪುಳಿಯೋಗರೆಯ ತಮ್ಮ ಎಂದೇ ತಿಳಿದಿದ್ದೆವು. ನಮ್ಮ ದೊಡ್ಡಪ್ಪ ಬೀದಿಗೆ ಮೊದಲ ಫ್ರಿಜ್ ತಂದಾಗ ಬೇಸಿಗೆಗೆ ತಣ್ಣಗಿರಲಿ ಎಂದು ಅದರಲ್ಲಿ ತಮ್ಮ ಬನಿಯನ್‌ಗಳನ್ನು ಮಡಿಸಿಡುತ್ತಿದ್ದರು. ನೋಡಲು ಬಂದವರು ಫ್ರಿಜ್ ಇರುವುದೇ ಅದಕ್ಕೆಂದು ತಲೆದೂಗಿ ಹೋಗುತ್ತಿದ್ದರು. ಇಂಥ ಹಿರಿಯರ ಸಾಲಿನಲ್ಲಿ ಈಗ ನಾನೂ ಇದ್ದೇನೆ. ಮುಳಬಾಗಿಲಿನಲ್ಲಿ ರ‍್ಯಾಪ್ ಹಾಡಿನ ವಿಡಿಯೋ ಮೊದಲು ತೆಗೆದವನು ನಾನು, ಅದನ್ನು ಟಿವಿಯಲ್ಲಿ ಮೊದಲು ತೋರಿಸಿದವನೂ ನಾನೇ.

ಟಿವಿ ಎಂದ ಕೂಡಲೇ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಪಾತ್ರೆ ಅಂಗಡಿಯೊಂದರ ಮಹಡಿಯ ಮೇಲೆ ಎರಡು ಕೋಣೆ, ಅಷ್ಟೇ. ನಮ್ಮದು ಊರಿನ ಕೇಬಲ್ಲಿನಲ್ಲಿ ಬರುವ ಸ್ಥಳೀಯ ಚಾನೆಲ್. ಬೆಳಿಗ್ಗೆ ಭಕ್ತಿಗೀತೆ, ಮಧ್ಯಾಹ್ನ ಹುಟ್ಟುಹಬ್ಬದ ಶುಭಾಶಯ, ಶ್ರದ್ಧಾಂಜಲಿ ಮತ್ತು ತಪ್ಪಿಸಿಕೊಂಡ ಎಮ್ಮೆಗಳ ಪ್ರಕಟಣೆ, ಸಂಜೆ ಟೊಮೆಟೊ ಮಂಡಿಯ ಧಾರಣೆ, ಭಾನುವಾರ ಸಂಜೆ ಭಜನೆ. ಧಾರಣೆ ಓದುವವಳು ನನ್ನ ಹೆಂಡತಿ ಸರೋಜ. ಉಳಿದಂತೆ ಮಾಲೀಕ, ಕ್ಯಾಮೆರಾಮನ್, ಎಡಿಟರ್, ಕಸ ಗುಡಿಸುವವನು ಎಲ್ಲವೂ ನಾನು. ಮದುವೆಗಳ ವಿಡಿಯೋ ತೆಗೆದು ತೆಗೆದು ಚಾನೆಲ್ ಕಟ್ಟಿದವನಾದ್ದರಿಂದ ಜನ ನನ್ನನ್ನು ಕರೆಯುವುದು ವಿಡಿಯೋ ರಾಜಣ್ಣ ಎಂದೇ. ಈಚೆಗೆ ಎಲ್ಲರ ಕೈಗೂ ಫೋನು ಬಂದು, ಒಬ್ಬೊಬ್ಬರೇ ಕೇಬಲ್ ತೆಗೆಸಲು ಶುರುಮಾಡಿದ್ದರು. ಹೊಸ ತಲೆಮಾರಿನವರಿಗೆ ಏನಾದರೂ ಹಾಕದಿದ್ದರೆ ಕೊನೆಗೆ ನಮ್ಮ ಚಾನೆಲ್ಲನ್ನು ಎಮ್ಮೆ ಕಳೆದುಕೊಂಡವರು ಮಾತ್ರ ನೋಡುತ್ತಾರೆ ಎಂದು ಸರೋಜ ಎಚ್ಚರಿಸಿದ್ದಳು.

ಆ ಹೊತ್ತಿನಲ್ಲೇ ಭಾರತಿ ನಮ್ಮ ಮೆಟ್ಟಿಲು ಹತ್ತಿದಳು. ವಕ್ಕಲೇರಿಯ ಹೆಣ್ಣುಮಗಳು, ನಮ್ಮ ಊರಿನ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದವಳು. ನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ, ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಜೊತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯ ನಯಾಜ್ ಇದ್ದ. ಅವಳು ಹಾಡು ಕಟ್ಟುತ್ತಾಳೆ, ಅವನು ಅಂಗಡಿಯ ಕಂಪ್ಯೂಟರಿನಲ್ಲಿ ತಾಳ ಕೂಡಿಸುತ್ತಾನೆ.

“ಒಂದು ವಿಡಿಯೋ ಮಾಡಿ ನಿಮ್ಮ ಟಿವೀಲಿ ಹಾಕ್ಬೇಕು ಅಣ್ಣಾ,” ಎಂದಳು ಭಾರತಿ.

“ಈಗ ಎಲ್ಲರೂ ಫೋನಲ್ಲೇ ಹಾಕ್ಕೊಳ್ತಾರಲ್ಲಮ್ಮ.”

“ಫೋನಲ್ಲಿ ಯಾರು ಬೇಕಾದ್ರೂ ಬರ್ತಾರೆ. ನಮ್ಮತ್ತೆ ಅದನ್ನ ಲೆಕ್ಕಕ್ಕೇ ಇಟ್ಕೊಳ್ಳಲ್ಲ, ಕೆಲಸ ಇಲ್ದೋರ ಆಟ ಅಂತಾರೆ. ಈ ಯುಗಾದಿಗೆ ಹಾಡು ಗೀಡು ಎಲ್ಲಾ ನಿಲ್ಲಿಸಿಬಿಡು ಅಂದವ್ರೆ. ನಿಮ್ಮ ಟಿವೀಲಿ ಭಜನೆ ಆದ್ಮೇಲೆ ನಾನು ಬಂದ್ರೆ ನಂಬ್ತಾರೆ ಅಣ್ಣಾ.”

ನನ್ನ ಚಾನೆಲ್ಲಿನ ಮೇಲೆ ಇಷ್ಟು ನಂಬಿಕೆ ಇಟ್ಟ ಮನುಷ್ಯರು ಇನ್ನೂ ಭೂಮಿಯ ಮೇಲಿದ್ದಾರೆಂದು ನನಗೆ ತಿಳಿದದ್ದೇ ಅಂದು. ಹಾಡಮ್ಮ ಎಂದೆ. ನಯಾಜ್ ಫೋನಿನಲ್ಲಿ ತಾಳ ಹಚ್ಚಿದ. ಅವಳು ಶುರುಮಾಡಿದಳು.

“ನಾಕಕ್ಕೆ ಹಸು, ಐದಕ್ಕೆ ಬಸ್ಸು, ನಡುವಲ್ಲಿ ಸಿಕ್ಕಿದ್ರೆ ಒಂದೇ ಒಂದು ಉಸ್ಸು...”

ಅಲ್ಲಿಂದ ಮುಂದಕ್ಕೆ ನನಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಕನ್ನಡ ಹೋಗಿ ತೆಲುಗು ಬಂತು, ತೆಲುಗು ಹೋಗಿ ಮತ್ತೆ ಕನ್ನಡ ಬಂತು, ನಡುವೆ ಕಾರ್ಖಾನೆಯ ಸೈರನ್ನೂ ಬಂದ ಹಾಗಾಯಿತು. ಪಲ್ಲವಿ ಮುಗಿಯಿತೆಂದು ನಾನು ಚಪ್ಪಾಳೆ ತಟ್ಟಿದರೆ ಅವಳು ಉಸಿರೆಳೆದುಕೊಂಡದ್ದಂತೆ. ಒಳಗಿನ ಕೋಣೆಯಲ್ಲಿ ಧಾರಣೆ ಬರೆದುಕೊಳ್ಳುತ್ತಿದ್ದ ಸರೋಜ ಬಾಗಿಲಿಗೆ ಬಂದು ನಿಂತು ಪೂರ್ತಿ ಕೇಳಿದಳು. “ಚೆನ್ನಾಗಿದೆ ಕಣೇ. ನಮ್ಮ ಮನೆ ಬೆಳಗಿನ ಜಾವಾನೂ ಹಿಂಗೇನೇ,” ಎಂದಳು. ಅಲ್ಲಿಗೆ ವಿಷಯ ತೀರ್ಮಾನವಾಯಿತು. ನನ್ನ ಒಪ್ಪಿಗೆಯನ್ನು ಯಾರೂ ಮತ್ತೆ ಕೇಳಲಿಲ್ಲ.

ಮುಂದಿನ ಭಾನುವಾರ ಟೊಮೆಟೊ ಮಂಡಿಯಲ್ಲಿ ಚಿತ್ರೀಕರಣ. ಖಾಲಿ ಕ್ರೇಟುಗಳನ್ನು ಗೋಡೆಯ ಹಾಗೆ ಪೇರಿಸಿಟ್ಟಿದ್ದರು, ನೋಡಲು ಬಣ್ಣಬಣ್ಣವಾಗಿ ಚೆನ್ನಾಗಿತ್ತು. ಭಾರತಿಯ ಗಂಡ ಮಂಜುನಾಥ ಟೊಮೆಟೊ ಸಾಗಿಸುವ ತನ್ನ ಪಿಕಪ್ ವ್ಯಾನನ್ನು ತೊಳೆದು ತಂದು ಪಕ್ಕಕ್ಕೆ ನಿಲ್ಲಿಸಿ, ಅದರ ಹಿಂದೆ ಅಡಗಿಕೊಂಡ. ರ‍್ಯಾಪ್ ಹಾಡುವವರು ಕತ್ತಿಗೆ ದಪ್ಪ ಚಿನ್ನದ ಸರ ಹಾಕುತ್ತಾರೆಂದು ಎಲ್ಲೋ ನೋಡಿದ್ದ ನಾನು ಸರೋಜಳ ಕವರಿಂಗ್ ಅವಲಕ್ಕಿ ಸರ ತಂದಿದ್ದೆ. ಭಾರತಿ ಅದನ್ನು ಮುಟ್ಟಲೂ ಇಲ್ಲ. ತನ್ನ ಕಂಪನಿಯ ಗುರುತಿನ ಚೀಟಿಯ ಪಟ್ಟಿಯನ್ನೇ ಕತ್ತಿಗೆ ಹಾಕಿಕೊಂಡು, “ನಂಗೆ ಇದೇ ಸರ ಅಣ್ಣಾ,” ಎಂದಳು.

ನನ್ನ ಕಷ್ಟ ಶುರುವಾದದ್ದು ಕ್ಯಾಮೆರಾ ಕಣ್ಣಿಗೆ ಹಚ್ಚಿದ ಮೇಲೆ. ಇಷ್ಟು ವರ್ಷ ಧಾರೆ, ಆರತಕ್ಷತೆಗಳನ್ನು ತೆಗೆದ ಬಾಯಿ ಸುಮ್ಮನಿರುತ್ತದೆಯೇ. “ಗದ್ದ ಸ್ವಲ್ಪ ಮೇಲೆತ್ತಮ್ಮ, ಈ ಕಡೆ ನೋಡು, ಹಾಂ, ನಗು,” ಎಂದೆ. ಭಾರತಿ ನಕ್ಕಳು. ನಯಾಜ್ ನನ್ನ ಕಿವಿಯ ಹತ್ತಿರ ಬಂದ.

“ಸಾರ್, ನಗಿಸ್ಬೇಡಿ. ಇದ್ರಲ್ಲಿ ನಗಲ್ಲ. ಕೋಪದಲ್ಲಿ ಇರ್ಬೇಕು.”

“ಯಾರ ಮೇಲಪ್ಪಾ ಕೋಪ?”

“ಒಟ್ನಲ್ಲಿ ಸಾರ್. ಇಂಥೋರ ಮೇಲೆ ಅಂತೇನಿಲ್ಲ.”

ಒಟ್ಟಿನಲ್ಲಿ ಕೋಪವಾಗಿರುವುದನ್ನು ನಾನು ಮದುವೆ ಮನೆಗಳಲ್ಲಿ ಬೀಗರ ಮುಖದಲ್ಲಿ ಬೇಕಾದಷ್ಟು ನೋಡಿದ್ದೆ. ಆದರೆ ಅದನ್ನು ಕ್ಯಾಮೆರಾದಿಂದ ತಪ್ಪಿಸುವುದೇ ನನ್ನ ವೃತ್ತಿಯಾಗಿತ್ತು. ಈಗ ಹುಡುಕಿ ತೆಗೆಯಬೇಕೆಂದರೆ ಕೈ ಬರಲಿಲ್ಲ. ಹಿಂದೆ ಗುಂಪಾಗಿ ನಿಲ್ಲಲು ಒಪ್ಪಿದ ಮಂಡಿಯ ಹಮಾಲರಿಗೂ ಕೋಪ ಬರಲಿಲ್ಲ. ಕ್ಯಾಮೆರಾ ತಿರುಗಿದ ಕೂಡಲೇ ಅವರೆಲ್ಲ ತಲೆ ಬಾಚಿಕೊಂಡು ಕೈ ಮುಗಿದು ನಿಂತರು. ನಾನು ಅವರನ್ನು ಗದರಿಸಿದೆ. ಆಗ ಅವರಿಗೆ ನಿಜವಾಗಿಯೇ ಕೋಪ ಬಂತು. ಆ ತುಣುಕು ಬಹಳ ಚೆನ್ನಾಗಿ ಬಂದಿದೆ ಎಂದು ನಯಾಜ್ ಈಗಲೂ ಹೇಳುತ್ತಾನೆ.

ಎಡಿಟಿಂಗಿಗೆ ಕೂತಾಗ ಕೈಯ ಅಭ್ಯಾಸ ಮತ್ತೆ ಮೇಲೆ ಬಂತು. ಭಾರತಿಯ ತಲೆಯ ಮೇಲೆ ಗುಲಾಬಿ ದಳ ಉದುರಿಸಿದೆ. ಪಿಕಪ್ ವ್ಯಾನನ್ನು ಹೃದಯದಾಕಾರದ ಚೌಕಟ್ಟಿನೊಳಗೆ ಕೂರಿಸಿದೆ. ಒಂದು ಕಡೆ ಎರಡು ಪಾರಿವಾಳ ಹಾರಿಸಿದೆ. ಮೊದಲ ಸಲ ತೋರಿಸಿದಾಗ ನಯಾಜ್ ಕೆಳಗೆ ಹೋಗಿ ಟೀ ಕುಡಿದು ಬಂದ. ಸರೋಜ ಮಾತ್ರ, “ರೀ, ಆ ಹೂವು, ಹಕ್ಕಿ ಎಲ್ಲಾ ತೆಗೀರಿ. ಆ ಹುಡುಗಿ ದುಡಿಯೋಕೆ ಹೋಗ್ತಿದ್ದಾಳೆ, ಹನಿಮೂನಿಗಲ್ಲ,” ಎಂದಳು. ಒಂದೊಂದಾಗಿ ಎಲ್ಲವನ್ನೂ ಕಿತ್ತೆ. ಕೊನೆಗೆ ಉಳಿದದ್ದು ಹುಡುಗಿ, ಕ್ರೇಟು, ತಾಳ. ನೋಡಿದರೆ ನನಗೇ ರೋಮಾಂಚನವಾಯಿತು. ಹಾಡಿನ ಆರಂಭದಲ್ಲಿ ಬಂಗಾರದ ಅಕ್ಷರದಲ್ಲಿ ಅವಳ ಹೆಸರು ಬರಲಿ ಎಂದು, ದಿನಾ ಬಳಸುವ ಹಳೆಯ ವಿನ್ಯಾಸದಲ್ಲೇ ಹೆಸರು ತುಂಬಿದೆ.

ಅದರ ಮುಂದಿನ ಭಾನುವಾರ ಸಂಜೆ ಭಜನೆ ಮುಗಿದ ಕೂಡಲೇ ಹಾಡು ಬಿಟ್ಟೆ. ಮುಗಿಯುವ ಮೊದಲೇ ಫೋನು ಹೊಡೆದುಕೊಂಡಿತು. ಅಭಿನಂದನೆ ಎಂದುಕೊಂಡು ಎತ್ತಿದೆ. ಶ್ರೀನಿವಾಸಪುರದ ರಸ್ತೆಯ ಕಡೆಯ ಹಳ್ಳಿಯವರೊಬ್ಬರು.

“ಹುಡುಗಿ ಲಕ್ಷಣವಾಗವ್ಳೆ ಸ್ವಾಮಿ. ಸ್ವಲ್ಪ ಮಾತು ಜಾಸ್ತಿ, ಇರ್ಲಿ. ನಮ್ಮ ಕಡೆ ಒಬ್ಬ ಹುಡುಗ ಅವ್ನೆ. ಮಾವಿನ ತೋಟ, ಸ್ವಂತ ಬೋರ್‌ವೆಲ್ಲು.”

ಅವರು ಏನು ಹೇಳುತ್ತಿದ್ದಾರೆಂದು ತಿಳಿಯದೆ ಫೋನಿಟ್ಟರೆ ಮತ್ತೊಂದು ಬಂತು. ಅದರಲ್ಲಿ ಹುಡುಗ ಲೈನ್‌ಮನ್. ಅಷ್ಟರಲ್ಲಿ ನಯಾಜ್ ಏದುಸಿರು ಬಿಡುತ್ತಾ ಮೆಟ್ಟಿಲೇರಿ ಬಂದು, “ಸಾರ್, ಮೊದಲಿಂದ ಹಾಕಿ ನೋಡಿ,” ಎಂದ. ನೋಡಿದೆ. ಪರದೆಯ ಎಡಗಡೆ ಬಂಗಾರದ ಅಕ್ಷರದಲ್ಲಿ ‘ವಧು: ಚಿ. ಸೌ. ಭಾರತಿ’ ಎಂದಿತ್ತು. ಬಲಗಡೆ ‘ವರ:’ ಎಂದಿತ್ತು. ಅದರ ಮುಂದೆ ಏನೂ ಇರಲಿಲ್ಲ. ಮದುವೆಯ ವಿನ್ಯಾಸದಲ್ಲಿ ಅವಳ ಹೆಸರು ತುಂಬಿದ್ದೆನೇ ಹೊರತು, ಇದ್ದ ಅಕ್ಷರಗಳನ್ನು ಅಳಿಸಿರಲಿಲ್ಲ. ವರ್ಷಗಟ್ಟಲೆ ದಿನವೂ ನೋಡಿದ ಅಕ್ಷರಗಳು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಭಾರತಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಮಂಜುನಾಥ ಎತ್ತಲಿಲ್ಲ. ಅತ್ತೆಯ ಮುಂದೆ ಮಾನ ಉಳಿಸಿಕೊಳ್ಳಲು ಬಂದ ಹೆಣ್ಣುಮಗಳನ್ನು ಇಡೀ ತಾಲ್ಲೂಕಿನ ಮುಂದೆ ಗಂಡು ಹುಡುಕುವವಳಾಗಿ ನಿಲ್ಲಿಸಿದ್ದೆ. ಯುಗಾದಿಯವರೆಗೆ ಕಾಯುವ ಪ್ರಮೇಯವೇ ಇರಲಿಲ್ಲ, ಅವಳ ಹಾಡು ಅಂದೇ ನಿಂತಿರುತ್ತದೆ ಎನ್ನಿಸಿತು. “ನಾಳೆ ನಾನೇ ಹೋಗಿ ಅವರತ್ತೆ ಹತ್ರ ಮಾತಾಡ್ತೀನಿ, ನೀವು ಬರಬೇಡಿ,” ಎಂದಳು ಸರೋಜ. ನಾನು ಹೋದರೆ ಇನ್ನೇನಾದರೂ ಆದೀತೆಂಬ ಭಯ ಅವಳಿಗೆ.

ಅವಳು ಹೋಗಬೇಕಾಗಲಿಲ್ಲ. ಬೆಳಿಗ್ಗೆ ಅಂಗಡಿಯ ಮುಂದೆ ಪಿಕಪ್ ವ್ಯಾನು ನಿಂತಿತು. ಮುಂದಿನ ಸೀಟಿನಿಂದ ಮುನಿಯಮ್ಮನವರು, ಅಂದರೆ ಭಾರತಿಯ ಅತ್ತೆ, ಇಳಿದು ಮೆಟ್ಟಿಲು ಹತ್ತಿದರು. ಹಿಂದೆ ತಲೆ ತಗ್ಗಿಸಿಕೊಂಡು ಭಾರತಿ, ಅವಳ ಹಿಂದೆ ಮಂಜುನಾಥ. ನಾನು ಎದ್ದು ನಿಂತು ಕುರ್ಚಿ ಕೊಟ್ಟೆ. ಅವರು ಕೂರಲಿಲ್ಲ.

“ಏಮಪ್ಪಾ, ಟಿವಿಯೋನು ನೀನೇನಾ?”

“ಹೌದಮ್ಮಾ. ತಪ್ಪಾಯ್ತು.”

“ತಪ್ಪಲ್ಲದೆ ಇನ್ನೇನು. ಸೊಸೆ ಹೆಸರು ಅಷ್ಟು ದಪ್ಪಗೆ ಹಾಕಿದ್ದೀಯ. ನನ್ನ ಮಗನ ಹೆಸರು ಎಲ್ಲಪ್ಪಾ? ಜಾಗ ಇಲ್ದೆ ಇದ್ರೆ ಒಂದು ಮಾತು. ಜಾಗ ಬಿಟ್ಟು ಖಾಲಿ ಇಟ್ಟಿದ್ದೀಯ. ಅವನೇನು ಹೋಗಿಬಿಟ್ನಾ?”

ನಾನು ಸರೋಜಳ ಮುಖ ನೋಡಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಇವತ್ತೇ ಸರಿ ಮಾಡಿ ಹಾಕ್ತೀವಮ್ಮ,” ಎಂದೆ. “ಹಾಡು ಹೆಂಗಿತ್ತು?”

ಮುನಿಯಮ್ಮನವರು ಈಗ ಕುರ್ಚಿಯಲ್ಲಿ ಕೂತರು. “ಎದುರು ಮನೆಯೋರು, ಹಿಂದ್ಲ ಮನೆಯೋರು ಎಲ್ಲಾ ಬಂದು ಕೂತ್ಕೊಂಡು ಕೇಳಿದ್ರು. ಒಂದು ತಪ್ಪೈತೆ. ನಾಕಕ್ಕೆ ಎದ್ದು ಹಾಲು ಹಿಂಡೋದು ನಾನು. ಇವಳು ಮೇವು ಹಾಕ್ತಾಳೆ ಅಷ್ಟೇ. ಟಿವೀಲಿ ಸುಳ್ಳು ಹೇಳಬಾರ್ದು.”

ಭಾರತಿ ಮೊದಲ ಸಲ ತಲೆಯೆತ್ತಿದಳು. ಒಂದು ಗಳಿಗೆ ಬೆರಳಲ್ಲಿ ಮೇಜು ಕುಟ್ಟಿದಳು. “ಹಿಂಡೋದು ಅತ್ತೆ, ಓಡೋದು ಸೊಸೆ, ಹಸೂಗೂ ಅತ್ತೆ ಕೈ ಮೇಲೇನೇ ಆಸೆ. ಹಿಂಗಂದ್ರೆ ಆಗುತ್ತಾ ಅತ್ತೆ?”

“ಹಂಗಂದ್ರೆ ಸರಿ,” ಎಂದರು ಮುನಿಯಮ್ಮ. ಯುಗಾದಿಯ ಮಾತನ್ನು ಅವರು ಎತ್ತಲಿಲ್ಲ, ನಾವೂ ನೆನಪಿಸಲಿಲ್ಲ. ನಯಾಜ್‌ನನ್ನು ಅಂಗಡಿಯಿಂದ ಕರೆಸಿದೆವು, ಅವನು ಆ ಸಾಲನ್ನು ಅಲ್ಲೇ ಧ್ವನಿಮುದ್ರಿಸಿಕೊಂಡ. ಸಂಜೆ ಹಾಡು ಮತ್ತೆ ಬಂತು, ‘ವರ: ಚಿ. ರಾ. ಮಂಜುನಾಥ’ ಎಂಬ ಬಂಗಾರದ ಅಕ್ಷರಗಳೊಂದಿಗೆ. ಅದನ್ನು ಅಳಿಸುತ್ತೇನೆಂದರೆ ಮುನಿಯಮ್ಮ ಒಪ್ಪಲಿಲ್ಲ. ಮದುವೆಯಾಗಿ ಐದು ವರ್ಷವಾದ ಮಂಜುನಾಥನಿಗೆ ಮಂಡಿಯಲ್ಲಿ ಒಂದು ವಾರ ಎಲ್ಲರೂ ಕೈಕುಲುಕಿ, ಛತ್ರ ಯಾವುದೆಂದು ಕೇಳಿದರಂತೆ.

ಅಲ್ಲಿಂದಾಚೆಗೆ ಭಾನುವಾರದ ಅರ್ಧ ಗಂಟೆ ರ‍್ಯಾಪಿಗೇ ಮೀಸಲಾಯಿತು. ಮಾಲೂರಿನಿಂದಲೂ ಹಾಡು ಹಿಡಿದುಕೊಂಡು ಬರುತ್ತಾರೆ. ಕೇಬಲ್ ತೆಗೆಸಿದವರು ಕೆಲವರು ವಾಪಸು ಬಂದಿದ್ದಾರೆ. ಊರಿನಲ್ಲಿ ನನ್ನನ್ನು ಈ ವಿದ್ಯೆಯ ಮೂಲಪುರುಷನೆಂದು ಗೌರವದಿಂದ ಕಾಣುವವರೂ ಇದ್ದಾರೆ. ನಾನದನ್ನು ಅಲ್ಲಗಳೆಯಲು ಹೋಗಿಲ್ಲ.

ಮೊನ್ನೆ ಭಾರತಿ ಬಂದಳು. ಎರಡನೆಯ ಹಾಡಿನ ವಿಡಿಯೋವನ್ನು ಕೋಲಾರದವರು ತೆಗೆಯುತ್ತಾರಂತೆ, ಅವರ ಹತ್ತಿರ ಡ್ರೋನ್ ಇದೆಯಂತೆ. ನಾನು ಬಹಳ ಸಂತೋಷ ಎಂದೆ, ದನಿ ಮಾತ್ರ ಹಾಗೆ ಬರಲಿಲ್ಲ.

“ನೀವೂ ಇರ್ಬೇಕು ಅಣ್ಣಾ ಅದರಲ್ಲಿ. ಒಂದೇ ಒಂದು ಸೀನು. ನಾನು ಹಾಡ್ತಿರ್ತೀನಿ, ನೀವು ಪಕ್ಕದಲ್ಲಿ ನಿಂತ್ಕೊಂಡು ಏನೂ ಅರ್ಥ ಆಗ್ದೇ ಇರೋರ ಥರ ನೋಡ್ಬೇಕು.”

ಎರಡು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಹುಬ್ಬು ಎಷ್ಟು ಏರಿಸಬೇಕು, ಬಾಯಿ ಎಷ್ಟು ತೆರೆಯಬೇಕು ಎಂದು ಸರೋಜಳನ್ನೂ ಕೇಳಿದೆ, ಅವಳು ಧಾರಣೆ ಬರೆದುಕೊಳ್ಳಲು ಒಳಗೆ ಹೋದಳು. ಚಿತ್ರೀಕರಣದ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ ಅವರು ತೋರಿಸಿದ ಜಾಗದಲ್ಲಿ ನಿಂತೆ. ತಲೆಯ ಮೇಲೆ ಡ್ರೋನ್ ಗುಂಯ್ ಎನ್ನುತ್ತಿತ್ತು. ಭಾರತಿ ಒಂದು ಸಲ ಹಾಡಿ ನಿಲ್ಲಿಸಿದಳು. ನಾನು ಗಂಟಲು ಸರಿಮಾಡಿಕೊಂಡು, “ಶುರು ಮಾಡೋಣ್ವಾ?” ಎಂದು ಕೇಳಿದೆ. ಕೋಲಾರದ ಹುಡುಗರು ಓಡಿ ಬಂದು ನನ್ನ ಕೈ ಹಿಡಿದುಕೊಂಡರು. ತೆಗೆದಾಗಿತ್ತಂತೆ. ಇಷ್ಟು ಸಹಜವಾಗಿ ನಟಿಸಿದವರನ್ನು ಅವರು ಈವರೆಗೆ ನೋಡಿಯೇ ಇಲ್ಲವಂತೆ.