ಗುತ್ತೇದಾರರ ಪಡಸಾಲೆಯ ಗಾಳಿಯಂತ್ರ

ಬಿಜಲಿ ಕೆಲಸದವನ ಬದುಕಿನಲ್ಲಿ ಇಂಥವು ನಡೆಯದ ವಾರವೇ ಇಲ್ಲ. ಅಪ್ಪಿತಪ್ಪಿ ನಡೆಯದಿದ್ದರೆ ನಾನೇ ಏನಾದರೊಂದು ನಡೆಸುತ್ತಿದ್ದೆ. ನಿಜಾಮರ ಸರ್ಕಾರ ಇದ್ದ ಕಾಲ. ನಾನು ವಾಡಿಯ ರೈಲ್ವೆ ಶೆಡ್ಡಿನಲ್ಲಿ ವಾಯರ್‌ಮನ್. ರಜೆ ಬಂದರೆ ಶಹಾಬಾದಿಗೆ ಹೋಗಿ ಮನೆಗಳಿಗೆ ತಂತಿ ಎಳೆಯುತ್ತಿದ್ದೆ. ಈಗ ಹೇಳುವುದರಲ್ಲಿ ಮುಕ್ಕಾಲು ಪಾಲು ಖರೆ. ಉಳಿದ ಕಾಲು ಪಾಲು ಇನ್ನೂ ಖರೆ.

ಶಹಾಬಾದಿನಲ್ಲಿ ಒಬ್ಬ ಕಲ್ಲಿನ ಗುತ್ತೇದಾರರಿದ್ದರು. ಚಿತ್ತಾಪುರದಲ್ಲಿ ಒಬ್ಬ ದೊಡ್ಡ ಸಾಹೇಬರು ಕಟ್ಟಿಸುತ್ತಿದ್ದ ಬಂಗಲೆಗೆ ನಲವತ್ತು ನೀಲಿ ಫರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಅಂಚು ಕೆತ್ತಿ ಕೊಡುವ ಕೆಲಸ ಹಿಡಿದಿದ್ದರು. ರಂಜಾನ್ ಹಬ್ಬದೊಳಗೆ ಮುಗಿಯಬೇಕು. ಭಂಕೂರಿನ ಖಣಿಯಿಂದ ಬರುವ ಕಲ್ಲು ನೋಡಿದರೆ ಅರ್ಧಕ್ಕರ್ಧ ಒಡಕು. ಕೆಲಸ ತಪ್ಪಿದರೆ ಅದು ಸೇಡಂನ ಇನ್ನೊಬ್ಬ ಗುತ್ತೇದಾರನ ಪಾಲು. ಆ ಇನ್ನೊಬ್ಬ ಇವರ ಹೆಂಡತಿಯ ತಮ್ಮ. ಕೆಲಸ ಹೋದ ದುಃಖ ನಾಲ್ಕು ದಿನದ್ದು. ಹೆಂಡತಿಯ ತಮ್ಮನಿಗೆ ಹೋದ ದುಃಖ ಆಕೆ ಮಾತು ನಿಲ್ಲಿಸುವ ತನಕದ್ದು.

ಕೈಉಳಿಯಿಂದ ಇದು ಮುಗಿಯುವುದಿಲ್ಲ, ಗಾಳಿಯಿಂದ ಬಡಿಯುವ ಉಳಿ ಬೇಕು ಅಂತ ಹರಾಜಿನಲ್ಲಿ ಒಂದು ಹಳೆಯ ಗಾಳಿಯಂತ್ರ, ಅಂದರೆ ಕಂಪ್ರೆಸರ್, ತಂದು ಪಡಸಾಲೆಯಲ್ಲಿ ಕೂಡಿಸಿದರು. ಅದಕ್ಕೊಂದು ಬಿಜಲಿ ಮೋಟಾರು. ನನ್ನನ್ನು ಕರೆಸಿ, "ಮಿಸ್ತ್ರಿ, ಸುಮ್ನ ತಂತಿ ಹಚ್ಚಿ ಹೋಗ್ರಿ. ಅದ್ರಾಗೇನದ ಮಹಾ?" ಅಂದರು.

೧. ಬಾಣ

ಯಂತ್ರದ ದೊಡ್ಡ ಗಾಲಿಯ ಹತ್ತಿರ ಒಂದು ಬಾಣದ ಗುರುತು ಇತ್ತು. ಗಾಲಿ ಆ ಕಡೆಗೇ ತಿರುಗಬೇಕು. ಹಾಗೆ ತಿರುಗಿದರೆ ಗಾಲಿಯ ಎಲೆಗಳು ಯಂತ್ರದ ಮೈಗೆ ಗಾಳಿ ಬೀಸಿ ತಂಪು ಮಾಡುತ್ತವೆ. ನಾನು ಮೋಟಾರಿನ ಮೂರು ತಂತಿ ಹಚ್ಚಿ ಚಾಲೂ ಮಾಡಿದೆ. ಗಾಲಿ ಉಲ್ಟಾ ತಿರುಗಿತು.

"ಗಾಬರಿ ಆಗಬ್ಯಾಡ್ರಿ. ಎರಡು ತಂತಿ ಅದಲು ಬದಲು ಮಾಡಿದ್ರ ಮುಗೀತು. ಈಗ ನನ್ನ ಗಾಡಿಗಿ ಹೊತ್ತಾಗ್ಯಾದ, ನಾಳೆ ಬಂದು ಸರಿ ಮಾಡ್ತೀನಿ" ಅಂದೆ.

ಮರುದಿನ ಬಂದೆ. ಗುತ್ತೇದಾರರು ಬಾಗಿಲಲ್ಲೇ ನಗುತ್ತ ನಿಂತಿದ್ದರು. "ಇಷ್ಟು ಸಣ್ಣ ಕೆಲಸಕ್ಕ ನಿಮಗ ತಕಲೀಫ್ ಯಾಕಂತ ನಾನೇ ಮುಗಿಸೀನ್ರಿ."

ಮೆಚ್ಚಿಕೊಂಡು ಒಳಗೆ ಹೋದೆ. ತಂತಿಗಳು ನಾನು ಬಿಟ್ಟು ಹೋದಂತೆಯೇ ಇದ್ದವು. ಹಳೆಯ ಬಾಣವನ್ನು ತಿಕ್ಕಿ ಅಳಿಸಿ, ಉಲ್ಟಾ ಕಡೆ ಮುಖ ಮಾಡಿದ ಹೊಸ ಬಾಣವನ್ನು ಉಳಿಯಿಂದ ಕೆತ್ತಿದ್ದರು. ಬಾಲಕ್ಕೆ ಎರಡು ಗರಿ ಬೇರೆ.

೨. ಜೇಬು

ಚಾಲೂ ಇರುವ ಬಿಜಲಿಯ ಹತ್ತಿರ ಹೋಗಬಾರದು, ಮೊದಲು ದೊಡ್ಡ ಸ್ವಿಚ್ ಬಂದ್ ಮಾಡಬೇಕು ಅಂತ ಹತ್ತು ಸಲ ಹೇಳಿದೆ. ಕೇಳುವ ಆಸಾಮಿಯಲ್ಲ. ಕಡೆಗೆ, "ನಮ್ಮ ರೈಲ್ವೆದಾಗ ಒಂದು ಕಾಯ್ದೆ ಅದ. ಒಂದು ಕೈ ಜೇಬಿನಾಗ ಇಟ್ಕೊಂಡೇ ಬಿಜಲಿ ಪೆಟ್ಟಿಗಿ ತೆರೀಬೇಕು. ಎರಡೂ ಕೈ ಹಚ್ಚಿದ್ರ ಕರೆಂಟು ಎದಿಯಾಗಿಂದ ಹಾಯ್ತದ" ಅಂದೆ. ಇದು ಖರೆ ಕಾಯ್ದೆಯೇ. ನನ್ನ ಕಿತಾಪತಿ ಇದ್ದದ್ದು ಎಲ್ಲಿ ಅಂದರೆ, ಅವರು ಕೆಲಸಕ್ಕೆ ಅಂಗಿ ಹಾಕುವವರಲ್ಲ, ಬರೀ ಧೋತರ ಎಂಬುದು ನನಗೆ ಗೊತ್ತಿತ್ತು. ಜೇಬಿಲ್ಲದ ಮನುಷ್ಯ ಪೆಟ್ಟಿಗೆ ತೆರೆಯುವುದಿಲ್ಲ ಅಂತ ನಿಶ್ಚಿಂತೆಯಿಂದ ಹೋದೆ.

ಮುಂದಿನ ವಾರ ಬಂದರೆ ಅವರ ಹೆಂಡತಿ ಕಟ್ಟೆಯ ಮೇಲೆ ಸೂಜಿ ಹಿಡಿದು ಕೂತಿದ್ದರು. "ಏನ್ರಿ ಮಿಸ್ತ್ರಿ, ಇವರಿಗೆ ಏನು ಹೇಳಿಕೊಟ್ಟೀರಿ? ಇದ್ದಬದ್ದ ಧೋತರಕ್ಕೆಲ್ಲ ಜೇಬು ಹಚ್ಚಂತಾರ!"

೩. ಬೆಳ್ಳಿ

ಫ್ಯೂಸ್ ಎಂಬುದು ಸಾಯಲಿಕ್ಕೇ ಹುಟ್ಟಿದ ತಂತಿ. ಕರೆಂಟು ಮಿತಿ ಮೀರಿದರೆ ಅದು ತಾನು ಸುಟ್ಟು ಮನೆಯನ್ನು ಉಳಿಸುತ್ತದೆ. ಅದಕ್ಕೇ ಅದು ಸಣ್ಣಗೆ ಇರಬೇಕು. ಇದನ್ನು ಹೇಳಿದಾಗ ಗುತ್ತೇದಾರರು ತಲೆಯಾಡಿಸಿದರು. ಹರಾಜಿನ ಮೋಟಾರಿನ ಫ್ಯೂಸು ದಿನಕ್ಕೊಂದು ಸುಡತೊಡಗಿದ ಮೇಲೆ ಮಾತ್ರ ಅವರಿಗೆ ಅದು ಅವಮಾನ ಅನ್ನಿಸಿತು.

ಒಂದು ದಿನ ಪಡಸಾಲೆಯಿಂದ ಹೊಗೆ. ನಾನು ಓಡಿ ಹೋಗಿ ದೊಡ್ಡ ಸ್ವಿಚ್ ಬಂದ್ ಮಾಡಿದೆ. ಗೋಡೆಯ ಮೇಲಿನ ತಂತಿ, ಅದರ ಕಟ್ಟಿಗೆಯ ಪಟ್ಟಿ ಎಲ್ಲ ಕರಕಲು. ಫ್ಯೂಸಿನ ಪೆಟ್ಟಿಗೆ ತೆರೆದರೆ ಒಳಗೆ ಬೆಳ್ಳಿಯ ದಪ್ಪ ಎಳೆ ಮಿಂಚುತ್ತಿತ್ತು. ಸೊಂಟದ ಉಡದಾರದಿಂದ ಬಿಚ್ಚಿ ಹಾಕಿದ್ದರು.

"ನೋಡ್ರಿ ಮಿಸ್ತ್ರಿ," ಅಂದರು ಕೆಮ್ಮುತ್ತ, ಹೆಮ್ಮೆಯಿಂದ. "ಗ್ವಾಡಿ ಸುಟ್ಟಿತು, ಕಟ್ಟಿಗಿ ಸುಟ್ಟಿತು. ನನ್ನ ಫ್ಯೂಸು ಸುಟ್ಟಿತೇನು?"

೪. ಭೂಮಿ

ಇಷ್ಟಾದ ಮೇಲೆ ತಂತಿಯನ್ನೆಲ್ಲ ಹೊಸದಾಗಿ ಎಳೆದೆ. ಉಳಿದದ್ದು ಒಂದೇ. ಮೋಟಾರಿನ ಒಳಗೆ ತಂತಿಯ ಮೈ ಸುಲಿದು ಕಬ್ಬಿಣಕ್ಕೆ ತಾಗಿದರೆ, ಮುಟ್ಟಿದವನ ಕಥೆ ಮುಗಿಯಿತು. ಆದ್ದರಿಂದ ಮೋಟಾರಿನ ಮೈಯಿಂದ ಒಂದು ದಪ್ಪ ತಾಮ್ರದ ತಂತಿ ಒಯ್ದು ಹಸಿ ಮಣ್ಣಿನೊಳಗೆ ಆಳವಾಗಿ ಹೂಳಬೇಕು. ಕರೆಂಟು ಭೂಮಿಗೆ ಹೋಗುತ್ತದೆ, ಮನುಷ್ಯ ಉಳಿಯುತ್ತಾನೆ. ಅದಿಲ್ಲದೆ ಬಿಜಲಿ ಇನ್ಸ್‌ಪೆಕ್ಟರ್ ಸಾಹೇಬರು ಪಾಸು ಮಾಡುವುದಿಲ್ಲ.

ಆದರೆ ಶಹಾಬಾದಿನ ಮನೆ ಅಂದರೆ ನೆಲ ಫರಸಿ, ಗೋಡೆ ಫರಸಿ, ಮಾಳಿಗೆಯೂ ಫರಸಿ. ನೆಲ ಒಡೆಯಲಿಕ್ಕೆ ಹೆಂಡತಿ ಒಪ್ಪಲಿಲ್ಲ. ಗುತ್ತೇದಾರರು ತಮ್ಮದೇ ದಾರಿ ಹಿಡಿದರು. ಇನ್ಸ್‌ಪೆಕ್ಟರ್ ಸಾಹೇಬರು ಬಂದಾಗ ತಾಮ್ರದ ತಂತಿ ನೇರವಾಗಿ ಮೂಲೆಯಲ್ಲಿದ್ದ ಒಂದು ಮಣ್ಣಿನ ಗಡಿಗೆಯೊಳಗೆ ಇಳಿದಿತ್ತು.

"ಇದೇನಪಾ?"

"ಭೂಮಿ ರೀ ಸಾಹೇಬ್ರ. ನಮ್ಮ ಹೊಲದ್ದೇ ಕರಿ ಮಣ್ಣು. ದಿನಾ ನೀರು ಹಾಕ್ತೀನಿ."

"ಹಸರಗ ಏನೋ ಹುಟ್ಟ್ಯಾದಲ್ಲ?"

"ಮೆಂತ್ಯ ರೀ. ಮಣ್ಣು ಖಾಲಿ ಯಾಕಿರಬೇಕಂತ ನಮ್ಮ ಮನಿಯಾಕಿ ಹಾಕ್ಯಾಳ."

ಸಾಹೇಬರು ಹಣೆ ಒರೆಸಿಕೊಂಡು ಹುಕುಂ ಬರೆದರು: ಪಡಸಾಲೆಯ ಫರಸಿ ತೆಗೆದು, ಮಣ್ಣು ಸಿಗುವ ತನಕ ತೋಡಿ, ತಂತಿ ಹೂಳತಕ್ಕದ್ದು. ಅಲ್ಲಿಯವರೆಗೆ ಬಿಜಲಿ ಬಂದ್.

ಸರ್ಕಾರಿ ಹುಕುಂ ಅಂದ ಮೇಲೆ ಹೆಂಡತಿಯೂ ಸುಮ್ಮನಾದರು. ಗುತ್ತೇದಾರರು ಅಳುಮುಖ ಮಾಡಿಕೊಂಡು ಮೊದಲ ಫರಸಿ ಎಬ್ಬಿಸಿದರು. ಕೆಳಗೆ ಕಲ್ಲಿನ ಪದರ. ಅದನ್ನು ಎಬ್ಬಿಸಿದರು. ಅದರ ಕೆಳಗೆ ಇನ್ನೊಂದು, ನೀಲಿ, ಒಂದೇ ಒಂದು ಒಡಕಿಲ್ಲದ್ದು. ಆಗ ಅಳುಮುಖ ನಿಂತಿತು. ಮೂರನೆಯ ಪದರಕ್ಕೆ ಆಳು ಕರೆಸಿದರು. ಖಣಿ ತೋಡಲಿಕ್ಕೆ ಎಷ್ಟು ಕಚೇರಿ ತಿರುಗಬೇಕೋ. ಇಲ್ಲಿ ಸರ್ಕಾರವೇ ಮುಂದೆ ನಿಂತು ತೋಡು ಅಂದಿತ್ತು! ಕೆತ್ತುವವರು ಆ ಕಲ್ಲನ್ನೇ ಚಿತ್ತಾಪುರದ ಬಂಗಲೆಗೆ ಕೈಉಳಿಯಿಂದಲೇ ಹಗಲೆಲ್ಲ ಕೆತ್ತಿದರು. ಗಾಳಿಯಂತ್ರ ಮೂಲೆಯಲ್ಲಿ ಧೂಳು ತಿನ್ನುತ್ತ ಕೂತಿತು.

ಹಬ್ಬಕ್ಕೆ ಒಂದು ವಾರ ಇದ್ದಾಗ ಸಾಹೇಬರು ಮತ್ತೆ ಬಂದರು. ಪಡಸಾಲೆ ಹೋಗಿ ಬಾವಿಯಾಗಿತ್ತು. ಗುತ್ತೇದಾರರು ಎದೆಮಟ ಗುಂಡಿಯಲ್ಲಿ ನಿಂತಿದ್ದರು. ಸಾಹೇಬರು ಗಾಬರಿಯಾಗಿ ಮನೆಯನ್ನೊಂದು ಸುತ್ತು ಹಾಕಿ ಬಂದು ಗುಂಡಿಯ ಅಂಚಿನಲ್ಲಿ ನಿಂತು ಕೂಗಿದರು: "ಅರೇ ಭಾಯಿ, ಹಿತ್ತಲದಾಗ ಬಚ್ಚಲ ನೀರು ಹೋಗೋ ಕಡೆ ಬಾಳಿಗಿಡ ನಿಂತಾದಲ್ಲ! ಹತ್ತು ಹೆಜ್ಜಿ ದೂರ, ಬೇಕಾದಷ್ಟು ಹಸಿ ಮಣ್ಣು! ತಂತಿ ಅಲ್ಲಿ ಹೂಳೋದು ಬಿಟ್ಟು ಈ ಕಲ್ಲಿನಾಗ ಏನು ಹುಡುಕಾಕತ್ತೀಯೋ?"

ನನಗೆ ಆ ಬಾಳೆಗಿಡ ಮೊದಲ ದಿನವೇ ಕಂಡಿತ್ತು. ಯಾರೂ ಕೇಳಲಿಲ್ಲ, ನಾನು ಹೇಳಲಿಲ್ಲ.

ಗುತ್ತೇದಾರರು ಅಡುಗೆಮನೆಯ ಕಡೆ ಒಮ್ಮೆ ನೋಡಿ, ಗುಂಡಿಯೊಳಗಿಂದಲೇ ಎರಡೂ ಕೈ ಮುಗಿದರು.

"ಸಾವಕಾಶ ಮಾತಾಡ್ರಿ ಸಾಹೇಬ್ರ, ನಮ್ಮ ಮನಿಯಾಕಿ ಕೇಳಿಸ್ಕೋತಾಳ! ಇನ್ನೂ ಎಂಟು ಫರಸಿ ಕಮ್ಮಿ ಅದಾವ."